ಖಂಡಸ್ಫುಟಿತ ಜೀರ್ಣೋದ್ಧಾರ: ತಿರುಮಕೂಡಲ ಸೀಮೆಯ ಪರಂಪರೆಯೂ ಪ್ರಪಂಚದ ಹೊಣೆಗಾರಿಕೆಯೂ

ವಯನಾಡಿನ ಮಲೆಗಳಿಂದ ಇಳಿದು ಬರುವ ಕಪಿಲೆಯು ನಂಜನಗೂಡಿನ ಮಗ್ಗುಲಲ್ಲಿ ಹರಿದು, ತಿರುಮಕೂಡಲಿನಲ್ಲಿ ಕಾವೇರಿಯೊಡನೆ ಬೆರೆಯುತ್ತದೆ. ಕೂಡಿದ ನದಿಯು ಮುಂದೆ ತಲಕಾಡಿನ ಮರಳದಿಣ್ಣೆಗಳನ್ನು ಬಳಸಿ ಸಾಗುತ್ತದೆ. ಈ ಸೀಮೆಯ ಜನವಸತಿಯು ಬಹು ಪ್ರಾಚೀನವಾದುದು. 1960ರ ಸುಮಾರಿನಲ್ಲಿ ಡಾ. ಎಂ. ಶೇಷಾದ್ರಿಯವರು ತಿರುಮಕೂಡಲು ನರಸೀಪುರದಲ್ಲಿ ನಡೆಸಿದ ಉತ್ಖನನದಿಂದ, ಇತಿಹಾಸಪೂರ್ವದ ನವಶಿಲಾಯುಗದ ಮಾನವನೇ ಈ ಸಂಗಮದ ದಡದಲ್ಲಿ ನೆಲೆಸಿದ್ದನೆಂಬುದು ತಿಳಿದುಬಂದಿದೆ. ಅನಂತರ ಗಂಗರು ತಲಕಾಡನ್ನು ರಾಜಧಾನಿಯಾಗಿ ಮಾಡಿಕೊಂಡು ಆಳಿದರು, ಚೋಳರು ಗೆದ್ದರು, ಹೊಯ್ಸಳರು ಚೋಳರಿಂದ ಕಿತ್ತುಕೊಂಡರು. ಒಂದೊಂದು ರಾಜವಂಶವೂ ತನ್ನ ಶಾಸನವನ್ನೂ ಶಿಲ್ಪವನ್ನೂ ಈ ನೆಲದಲ್ಲಿ ಬಿಟ್ಟುಹೋಗಿದೆ.

ಈ ಸೀಮೆಗೆ 2023ನೆಯ ಇಸವಿಯಲ್ಲಿ ಒಂದು ಹೊಸ ಗೌರವ ಒದಗಿತು. ಆ ವರ್ಷದ ಸೆಪ್ಟೆಂಬರ್ 18ರಂದು ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ಸೇರಿದ್ದ ಯುನೆಸ್ಕೋ ವಿಶ್ವ ಪರಂಪರೆ ಸಮಿತಿಯ 45ನೆಯ ಅಧಿವೇಶನವು ‘ಹೊಯ್ಸಳರ ಪವಿತ್ರ ದೇವಾಲಯ ಸಮುಚ್ಚಯ’ವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ ಇವುಗಳ ಜತೆಗೆ ಮೂರನೆಯದಾಗಿ ನಮ್ಮ ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯವೂ ಆ ಪಟ್ಟಿಯಲ್ಲಿ ಸ್ಥಾನ ಪಡೆಯಿತು.

ಬಸದಿಯೊಂದರ ಪ್ರತಿಷ್ಠಾ ಮಹೋತ್ಸವದ ಸ್ಮರಣ ಸಂಚಿಕೆಯಲ್ಲಿ ಕೇಶವ ದೇವಾಲಯದ ಪ್ರಸ್ತಾಪವೇಕೆಂದು ಧರ್ಮಬಂಧುಗಳು ಕೇಳಬಹುದು. ಕಾರಣವಿಷ್ಟೆ. ಪ್ರಪಂಚದ ರಾಷ್ಟ್ರಗಳು ಕೂಡಿ ಒಂದು ಪುರಾತನ ಸ್ಥಾನವನ್ನು ಕಾಪಾಡಬೇಕೆಂದು ಇಂದು ಯಾವ ನಿಯಮಗಳನ್ನು ಮಾಡಿಕೊಂಡಿವೆಯೋ ಅವುಗಳ ಬೀಜವು ನಮ್ಮ ಪೂರ್ವಜರ ದಾನಶಾಸನಗಳಲ್ಲಿ ಇದೆ. ಪ್ರತಿಷ್ಠೆಯ ದಿನದಂದೇ ಮುಂದಿನ ಪರಿಪಾಲನೆಗೂ ಏರ್ಪಾಡು ಮಾಡುವುದೇ ಆ ಬೀಜ. ನಾವು ಅದನ್ನು ಮರೆತಿದ್ದೇವೆಯೇ ಎಂದು ಕೇಳಿಕೊಳ್ಳಲು ಪ್ರತಿಷ್ಠಾ ಮಹೋತ್ಸವಕ್ಕಿಂತ ತಕ್ಕ ಸಮಯ ಬೇರೊಂದಿಲ್ಲ.

ತಲವನಪುರದ ಜಿನಾಲಯ

ಮಡಿಕೇರಿಯಲ್ಲಿ ದೊರೆತುದರಿಂದ ಮರ್ಕೆರೆಯ ತಾಮ್ರಶಾಸನವೆಂದು ಹೆಸರಾದ ಗಂಗರ ಶಾಸನವೊಂದುಂಟು. ತಲವನನಗರದ, ಎಂದರೆ ತಲಕಾಡಿನ, ಶ್ರೀವಿಜಯ ಜಿನಾಲಯಕ್ಕೆ ಬದನೆಗುಪ್ಪೆ ಎಂಬ ಗ್ರಾಮವನ್ನು ದತ್ತಿಯಾಗಿ ಬಿಟ್ಟ ಸಂಗತಿ ಅದರಲ್ಲಿದೆ. ದಾನವನ್ನು ಪರಿಗ್ರಹಿಸಿದವರು ಕೊಂಡಕುಂದಾನ್ವಯದ ಮುನಿಗಳು. ಶಾಸನದ ಕಾಲದ ಬಗೆಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅದರಲ್ಲಿ ಹೇಳಿರುವ ವರ್ಷಕ್ಕಿಂತ ಅದರ ಲಿಪಿ ಈಚಿನದೆಂಬುದು ಹಲವರ ಮತ. ಕಾಲ ಯಾವುದೇ ಆಗಲಿ, ನಮಗೆ ಮುಖ್ಯವಾದುದು ಆ ಏರ್ಪಾಡು. ತಲಕಾಡಿನ ಜಿನಾಲಯದಲ್ಲಿ ದೀಪ ಉರಿಯಬೇಕಾದರೆ ಬದನೆಗುಪ್ಪೆಯ ಹೊಲದಲ್ಲಿ ಪೈರು ಬೆಳೆಯಬೇಕಾಗಿತ್ತು. ಒಂದು ಊರಿನ ದುಡಿಮೆಯನ್ನು ಇನ್ನೊಂದು ಊರಿನ ಧರ್ಮಸ್ಥಾನಕ್ಕೆ ಕಟ್ಟಿಕೊಟ್ಟ ವ್ಯವಸ್ಥೆ ಅದು.

ಬದನೆಗುಪ್ಪೆಯು ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ರೈಲುದಾರಿಯಲ್ಲಿ ಈಗಲೂ ಇದೆ. ಅಲ್ಲಿ ಕೈಗಾರಿಕಾ ಪ್ರದೇಶವೊಂದು ಎದ್ದಿದೆ. ತಲಕಾಡೂ ಇದೆ. ಅಲ್ಲಿಗೆ ಹೋದವರಿಗೆ ಪಂಚಲಿಂಗಗಳ ದರ್ಶನವಾಗುತ್ತದೆ, ಕೀರ್ತಿನಾರಾಯಣನ ದರ್ಶನವಾಗುತ್ತದೆ. ಶ್ರೀವಿಜಯ ಜಿನಾಲಯದ ದರ್ಶನ ಮಾತ್ರ ಆಗುವುದಿಲ್ಲ. ದತ್ತಿಯ ಗ್ರಾಮ ಉಳಿಯಿತು, ದತ್ತಿ ಪಡೆದ ಜಿನಾಲಯ ಅಳಿಯಿತು. ಕಲ್ಲಿನ ಕಟ್ಟಡಕ್ಕೂ ಅದನ್ನು ಪೋಷಿಸುವ ಜನಕ್ಕೂ ನಡುವಣ ಸಂಬಂಧ ಕಡಿದುಹೋದಲ್ಲಿ ಕಲ್ಲು ಹೆಚ್ಚು ದಿನ ನಿಲ್ಲುವುದಿಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಈ ಸೀಮೆಯವರಿಗೆ ಬೇಕಿಲ್ಲ.

ಗಂಗರಾಜನ ಆದರ್ಶ

ತಲಕಾಡನ್ನು ಚೋಳರ ಸಾಮಂತನಾದ ಅದಿಯಮನಿಂದ ಗೆದ್ದುಕೊಟ್ಟವನು ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜ. ಕ್ರಿ.ಶ. 1116ರ ಸುಮಾರಿನ ಈ ವಿಜಯದಿಂದ ವಿಷ್ಣುವರ್ಧನನಿಗೆ ‘ತಲಕಾಡುಗೊಂಡ’ನೆಂಬ ಬಿರುದು ಬಂದಿತು, 1117ರಲ್ಲಿ ಬೇಲೂರಿನ ದೇವಾಲಯವು ಪ್ರತಿಷ್ಠೆಗೊಂಡಿತು. ಸೇನಾನಿಯಾದ ಗಂಗರಾಜನು ಪರಮ ಜಿನಭಕ್ತ. ರಾಜನು ಮೆಚ್ಚಿ ಕೊಟ್ಟುದನ್ನು ಅವನು ತನ್ನ ಮನೆಗೆ ಒಯ್ಯಲಿಲ್ಲ. ಪರಮ ಎಂಬ ಗ್ರಾಮವನ್ನು ತಾಯಿ ಪೋಚಲದೇವಿಯೂ ಪತ್ನಿ ಲಕ್ಷ್ಮೀದೇವಿಯೂ ಕಟ್ಟಿಸಿದ ಜಿನಾಲಯಗಳಿಗೆ ಬಿಟ್ಟನು. ಗೋವಿಂದವಾಡಿಯನ್ನು ಗೊಮ್ಮಟದೇವರ ಪೂಜೆಗೆ ಬಿಟ್ಟನು. ಬೆಳ್ಗೊಳದಲ್ಲಿ ಗೊಮ್ಮಟನ ಸುತ್ತಲೂ ಸುತ್ತಾಲಯವನ್ನು ಕಟ್ಟಿಸಿದನು. ಗಂಗವಾಡಿ ತೊಂಬತ್ತಾರು ಸಾಸಿರದಲ್ಲಿ ಜೀರ್ಣವಾಗಿದ್ದ ಬಸದಿಗಳನ್ನೆಲ್ಲ ಉದ್ಧರಿಸಿ, ಆ ನಾಡನ್ನು ಕೊಪಣ ತೀರ್ಥಕ್ಕೆ ಸಮಾನವಾಗಿ ಬೆಳಗಿಸಿದನೆಂದು ಶಾಸನಗಳು ಅವನನ್ನು ಹೊಗಳುತ್ತವೆ. ಹೊಸ ಬಸದಿಯನ್ನು ಕಟ್ಟಿಸಿದವನಷ್ಟೇ ಹಳೆಯ ಬಸದಿಯನ್ನು ಉಳಿಸಿದವನೂ ಪುಣ್ಯವಂತನೆಂಬುದು ಆ ಕಾಲದ ತೀರ್ಮಾನವಾಗಿತ್ತು.

ಆಗಿನ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತುಂಟು: ‘ಖಂಡಸ್ಫುಟಿತ ಜೀರ್ಣೋದ್ಧಾರ’. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರಿದುದು. ಭೂಮಿಯನ್ನು ಬಿಡುವಾಗ ದೇವರ ಅಷ್ಟವಿಧಾರ್ಚನೆಗೆ, ಋಷಿಗಳ ಆಹಾರದಾನಕ್ಕೆ ಎಂದು ಹೇಳುವುದರ ಜತೆಗೆ, ಮುರಿದುದನ್ನೂ ಬಿರಿದುದನ್ನೂ ಸರಿಪಡಿಸುವುದಕ್ಕೆಂದೂ ಸ್ಪಷ್ಟವಾಗಿ ಬರೆಯಿಸುತ್ತಿದ್ದರು. ಕಟ್ಟಿದ ದಿನವೇ, ಇದು ಒಂದು ದಿನ ಬಿರಿಯುವುದೆಂದು ಒಪ್ಪಿಕೊಂಡ ವಿವೇಕ ಅದು. ದೇವಪೂಜೆ, ಜನರ ಪೋಷಣೆ, ಕಟ್ಟಡದ ದುರಸ್ತಿ ಈ ಮೂರನ್ನೂ ಒಂದೇ ದತ್ತಿಯಲ್ಲಿ ಹೊಸೆದಿದ್ದರಿಂದ ಒಂದು ಕ್ಷೀಣಿಸಿದರೆ ಉಳಿದೆರಡು ಅದನ್ನು ಎತ್ತಿಹಿಡಿಯುತ್ತಿದ್ದವು. ಇಂದು ವಿದ್ವಾಂಸರು ಸುಸ್ಥಿರ ಅಭಿವೃದ್ಧಿಯೆಂದು ಕರೆಯುವುದು ಇದನ್ನೇ.

ಗಂಗರಾಜನು ತೀರಿಕೊಂಡ ಮೇಲೆ ಅವನ ಮಗ ಬೊಪ್ಪನು ತಂದೆಯ ನೆನಪಿಗಾಗಿ ಕ್ರಿ.ಶ. 1133ರಲ್ಲಿ ದೋರಸಮುದ್ರದಲ್ಲಿ ಕಟ್ಟಿಸಿದ ಜಿನಾಲಯವೇ ಹಳೇಬೀಡಿನ ಬಸ್ತಿಹಳ್ಳಿಯ ವಿಜಯಪಾರ್ಶ್ವನಾಥ ಬಸದಿ. ಕನ್ನಡಿಯಂತೆ ಹೊಳೆಯುವ ಅದರ ಕಂಬಗಳನ್ನು ಕಂಡವರು ಮರೆಯಲಾರರು. ತಲಕಾಡಿನ ರಣರಂಗಕ್ಕೂ ಹಳೇಬೀಡಿನ ಬಸದಿಗೂ ಹೀಗೆ ಒಂದೇ ಮನೆತನದ ನಂಟು. ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹೊಯ್ಸಳೇಶ್ವರದಿಂದ ಬಸ್ತಿಹಳ್ಳಿಯು ನಡೆದುಹೋಗುವಷ್ಟೇ ದೂರ. ಆದರೂ ಹೊಯ್ಸಳೇಶ್ವರದ ಮುಂದೆ ಇಳಿದ ಯಾತ್ರಿಕರಲ್ಲಿ ಅನೇಕರು ಅಷ್ಟು ದೂರವೂ ನಡೆಯದೆ ಹಿಂದಿರುಗುತ್ತಾರೆ. ಪ್ರಪಂಚದ ದೃಷ್ಟಿ ಎಲ್ಲಿಯವರೆಗೆ ಬಂದು ನಿಲ್ಲುತ್ತದೆ, ಅಲ್ಲಿಂದ ಮುಂದಕ್ಕೆ ಕರೆದೊಯ್ಯುವ ಹೊಣೆ ಯಾರದು ಎಂಬುದನ್ನು ಆ ದಾರಿ ತೋರಿಸುತ್ತದೆ.

ರಾಷ್ಟ್ರಗಳ ಒಡಂಬಡಿಕೆ

ಒಂದು ದೇಶದ ದೇವಾಲಯವನ್ನು ಕಾಪಾಡಲು ಇತರ ದೇಶಗಳು ಏಕೆ ಮುಂದಾಗಬೇಕು? ಈ ವಿಚಾರವು ಕಾರ್ಯರೂಪಕ್ಕೆ ಬಂದುದು ಈಜಿಪ್ಟಿನಲ್ಲಿ. ನೈಲ್ ನದಿಗೆ ಅಸ್ವಾನಿನಲ್ಲಿ ಮಹಾ ಅಣೆಕಟ್ಟು ಕಟ್ಟುವಾಗ ನುಬಿಯಾ ಪ್ರಾಂತದ ಪ್ರಾಚೀನ ದೇವಾಲಯಗಳು ಮುಳುಗುವ ಸ್ಥಿತಿ ಬಂದಿತು. 1960ರಲ್ಲಿ ಯುನೆಸ್ಕೋ ಸಂಸ್ಥೆಯು ಪ್ರಪಂಚಕ್ಕೆಲ್ಲ ಮೊರೆಯಿಟ್ಟಿತು. ಸುಮಾರು 50 ರಾಷ್ಟ್ರಗಳು ಧನವನ್ನೋ ತಜ್ಞರನ್ನೋ ಕೊಟ್ಟವು. 1964ರಿಂದ 1968ರವರೆಗೆ ಅಬು ಸಿಂಬೆಲ್ ದೇವಾಲಯಗಳನ್ನು ಬಂಡೆಯಿಂದ ತುಂಡುತುಂಡಾಗಿ ಕೊರೆದು, ಮೇಲಿನ ನೆಲೆಯಲ್ಲಿ ಮತ್ತೆ ಜೋಡಿಸಲಾಯಿತು. ಆ ಅನುಭವದ ಬಲದಿಂದ 1972ರಲ್ಲಿ ಪ್ಯಾರಿಸ್ಸಿನಲ್ಲಿ ವಿಶ್ವ ಪರಂಪರೆಯ ಒಡಂಬಡಿಕೆಯು ಸಿದ್ಧವಾಯಿತು. ಭಾರತವು 1977ರಲ್ಲಿ ಅದಕ್ಕೆ ಸೇರಿತು. ನಮ್ಮ ದೇಶವು ಈ ಸಹಕಾರವನ್ನು ಪಡೆದಂತೆ ಕೊಟ್ಟಿದೆ ಕೂಡ. 1986ರಿಂದ 1993ರವರೆಗೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಕಾಂಬೋಡಿಯಾದ ಅಂಕೋರ್ ವಾಟ್ ದೇವಾಲಯದ ಸಂರಕ್ಷಣೆಯಲ್ಲಿ ದುಡಿದರು. ಮುಂದೆ ತಾ ಪ್ರೋಮ್ ದೇವಾಲಯದಲ್ಲಿಯೂ ಕೆಲಸ ನಡೆಸಿದರು.

ಒಡಂಬಡಿಕೆಯ ಒಂದು ಅಂಶವನ್ನು ಸರಿಯಾಗಿ ಗ್ರಹಿಸಬೇಕು. ಪಟ್ಟಿಗೆ ಸೇರಿದ ಕೂಡಲೇ ಹೊರದೇಶದಿಂದ ಹಣದ ಹೊಳೆ ಹರಿದುಬರುತ್ತದೆಂಬುದು ತಪ್ಪು ಕಲ್ಪನೆ. ಕಾಪಾಡುವ ಮೊದಲ ಹೊಣೆ ಆಯಾ ದೇಶದ್ದೇ. ಅದಕ್ಕೆ ನೆರವಾಗುವುದು ಇತರರ ಕರ್ತವ್ಯವೆಂದು ಒಡಂಬಡಿಕೆ ಹೇಳುತ್ತದೆ. ನೆರವು ಮುಖ್ಯವಾಗಿ ಜ್ಞಾನದ ರೂಪದಲ್ಲಿ, ಎಚ್ಚರಿಕೆಯ ರೂಪದಲ್ಲಿ ಬರುತ್ತದೆ. ಸೋಮನಾಥಪುರವು ನಡೆದು ಬಂದ ಹಾದಿಯೇ ಇದಕ್ಕೆ ಸಾಕ್ಷಿ. 2014ರಲ್ಲಿ ಹೊಯ್ಸಳ ದೇವಾಲಯಗಳು ತಾತ್ಕಾಲಿಕ ಪಟ್ಟಿಗೆ ಸೇರಿದವು. ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆಯವರು ಕೂಲಂಕಷವಾದ ದಾಖಲೆಯನ್ನು ಸಿದ್ಧಪಡಿಸಿದರು. 2022ರ ಆರಂಭದಲ್ಲಿ ಭಾರತ ಸರ್ಕಾರವು ಅದನ್ನು ಯುನೆಸ್ಕೋಗೆ ಸಲ್ಲಿಸಿತು. ಅದೇ ವರ್ಷ ಇಕೋಮಾಸ್ ಎಂಬ ಅಂತಾರಾಷ್ಟ್ರೀಯ ಪರಿಷತ್ತಿನ ಪರವಾಗಿ ಹೊರದೇಶದ ತಜ್ಞರು ಬಂದು ಸ್ಥಳಗಳನ್ನು ಕಣ್ಣಾರೆ ಪರೀಕ್ಷಿಸಿದರು. ದೇವಾಲಯದ ಗಡಿ ಯಾವುದು, ಸುತ್ತಲಿನ ರಕ್ಷಾವಲಯ ಎಷ್ಟು, ನಿರ್ವಹಣೆ ಯಾರ ಕೈಯಲ್ಲಿದೆ, ಮುಂದಿನ ಯೋಜನೆಯೇನು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಗೌರವ ದೊರೆತುದು.

ಸೋಮನಾಥಪುರದ ಈ ದೇವಾಲಯವನ್ನು ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು 13ನೆಯ ಶತಮಾನದ ನಡುಭಾಗದಲ್ಲಿ ಕಟ್ಟಿಸಿದನು. ಬರಿಯ ದೇವಾಲಯವನ್ನಲ್ಲ, ಅದರ ಸುತ್ತ ಒಂದು ಅಗ್ರಹಾರವನ್ನೇ ನೆಲೆಗೊಳಿಸಿದನು. ದತ್ತಿಗಳ ವಿವರವನ್ನು ಶಿಲಾಶಾಸನದಲ್ಲಿ ಕೆತ್ತಿಸಿದನು. ಪೂಜ್ಯ ದೇವರು ಬೇರೆಯಾದರೂ ಪರಿಪಾಲನೆಯ ಕ್ರಮ ಒಂದೇ. ನಾಡಿನ ಎಲ್ಲ ಮತದವರೂ ಹಂಚಿಕೊಂಡಿದ್ದ ವಿವೇಕ ಅದು.

ಹಂಪೆಯ ಪಾಠ

ಗೌರವ ದೊರೆತ ಮೇಲೆ ಎಚ್ಚರ ತಪ್ಪಿದರೆ ಏನಾಗುವುದೆಂಬುದನ್ನು ಹಂಪೆ ತೋರಿಸಿಕೊಟ್ಟಿದೆ. ಹಂಪೆಯು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಎರಡನೆಯ ಹರಿಹರನ ದಂಡನಾಯಕನಾದ ಇರುಗಪ್ಪನು 1385-86ರಲ್ಲಿ ಕಟ್ಟಿಸಿದ ಕುಂಥು ಜಿನನಾಥನ ಚೈತ್ಯಾಲಯ, ಜನರ ಬಾಯಲ್ಲಿ ಗಾಣಗಿತ್ತಿಯ ಬಸದಿ, ಅದೇ ವಿಜಯನಗರದ ಅವಶೇಷಗಳ ನಡುವೆ ಇದೆ. ಆನೆಗೊಂದಿಯ ಬಳಿ ತುಂಗಭದ್ರೆಗೆ ಹೊಸ ಸೇತುವೆಯ ಕೆಲಸ ಹೂಡಿದಾಗ ಪುರಾತನ ಪರಿಸರಕ್ಕೆ ಧಕ್ಕೆಯೆಂದು ಆಕ್ಷೇಪಣೆ ಎದ್ದಿತು. 1999ರಲ್ಲಿ ಹಂಪೆಯನ್ನು ಅಪಾಯದಲ್ಲಿರುವ ಸ್ಥಾನಗಳ ಪಟ್ಟಿಗೆ ಸೇರಿಸಲಾಯಿತು. ಸಮಗ್ರ ನಿರ್ವಹಣೆಯ ಏರ್ಪಾಡಾದ ಬಳಿಕ 2006ರಲ್ಲಿ ಅದರಿಂದ ತೆಗೆಯಲಾಯಿತು. ಆ ಸೇತುವೆಯು 2009ರ ಜನವರಿಯಲ್ಲಿ ಕುಸಿದುಬಿದ್ದು ಕೆಲಸಗಾರರ ಪ್ರಾಣಹಾನಿಯೂ ಆಯಿತು. ಸೇತುವೆಯನ್ನು ಬಯಸಿದ ಹಳ್ಳಿಗರ ಕಷ್ಟವು ಸುಳ್ಳಲ್ಲ. ಹೊಳೆ ದಾಟುವುದು ಅವರಿಗೆ ದಿನನಿತ್ಯದ ಅಗತ್ಯ. ಜನರ ಬಾಳನ್ನೂ ಕಲ್ಲಿನ ಬಾಳನ್ನೂ ಬೇರೆ ಬೇರೆಯಾಗಿ ಎಣಿಸಿದ್ದೇ ಅನರ್ಥಕ್ಕೆ ಮೂಲ. 2007ರಲ್ಲಿ ವಿಶ್ವ ಪರಂಪರೆ ಸಮಿತಿಯು ತನ್ನ ಮುಖ್ಯ ಉದ್ದೇಶಗಳ ಸಾಲಿಗೆ ‘ಸಮುದಾಯ’ವನ್ನು ಸೇರಿಸಿತು. ನೆರೆಹೊರೆಯ ಜನರಿಗೆ ಹಿತವಾಗದ ಸಂರಕ್ಷಣೆ ಬಾಳುವುದಿಲ್ಲವೆಂಬುದನ್ನು ಪ್ರಪಂಚ ಹೀಗೆ ಒಪ್ಪಿಕೊಂಡಿತು.

ಸೋಮನಾಥಪುರದಲ್ಲಿಯೂ ಇದೇ ಪರೀಕ್ಷೆ ಎದುರಿಗಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದಿಂದ 100 ಮೀಟರ್ ವರೆಗೆ ಹೊಸ ಕಟ್ಟಡ ಕೂಡದು. ಅದರಾಚೆಗೆ ಮತ್ತೆ 200 ಮೀಟರ್ ವರೆಗೆ ಅನುಮತಿ ಬೇಕು. ಈ ನಿಯಮದ ಭಾರ ಬೀಳುವುದು ಪಕ್ಕದ ಮನೆಯವರ ಮೇಲೆ. ಬರುವ ಯಾತ್ರಿಕರಿಂದ ಲಾಭವೂ ಅವರಿಗೇ ಮೊದಲು ದೊರೆಯಬೇಕು. ಮಾರ್ಗದರ್ಶನ, ಊಟ ವಸತಿ, ಕರಕುಶಲ ವಸ್ತುಗಳ ಮಾರಾಟ ಇವು ಊರವರ ಕೈಯಲ್ಲಿ ಉಳಿದರೆ, ಬಳಪದ ಕಲ್ಲಿನ ಆ ನಾಜೂಕು ಶಿಲ್ಪಗಳಿಗೆ ಊರಿಗೆ ಊರೇ ಕಾವಲಾಗುತ್ತದೆ.

ಪೂಜೆ ನಡೆಯುವ ಬಸದಿ

ಸೋಮನಾಥಪುರದಲ್ಲಿ ನಿತ್ಯಪೂಜೆಯಿಲ್ಲ, ಅಲ್ಲಿ ಇದ್ದುದನ್ನು ಇದ್ದಂತೆ ಉಳಿಸುವುದು ಸಾಕು. ನಮ್ಮ ಬಸದಿಗಳ ಸ್ಥಿತಿ ಬೇರೆ. ಅಲ್ಲಿ ಅಭಿಷೇಕವಾಗಬೇಕು, ದೀಪ ಬೆಳಗಬೇಕು, ಶ್ರಾವಕ ಶ್ರಾವಿಕೆಯರು ಕೂಡಬೇಕು. ಪೂಜೆ ನಿಂತ ಬಸದಿಯನ್ನು ಉಳಿದ ಬಸದಿಯೆಂದು ನಾವು ಹೇಳಲಾರೆವು. ಈ ಸಂದಿಗ್ಧವನ್ನೂ ಪ್ರಪಂಚದ ತಜ್ಞರು ಚರ್ಚಿಸಿದ್ದಾರೆ. 1964ರ ವೆನಿಸ್ ಸನ್ನದು ಹಳೆಯ ಕಲ್ಲಿನ ಮೂಲರೂಪಕ್ಕೆ ಪ್ರಾಧಾನ್ಯ ಕೊಟ್ಟಿತು. ಮರದ ದೇವಾಲಯಗಳನ್ನು ಕಾಲಕಾಲಕ್ಕೆ ಬಿಚ್ಚಿ ದುರಸ್ತಿ ಮಾಡುವ ಸಂಪ್ರದಾಯವುಳ್ಳ ಜಪಾನಿನ ನಾರಾ ನಗರದಲ್ಲಿ 1994ರಲ್ಲಿ ಸೇರಿದ ವಿದ್ವಾಂಸರು, ಒಂದು ಸ್ಥಾನದ ನೈಜತೆಯನ್ನು ಆಯಾ ಸಂಸ್ಕೃತಿಯ ದೃಷ್ಟಿಯಿಂದಲೇ ಅಳೆಯಬೇಕೆಂದು ಒಪ್ಪಿದರು. ಸಂಪ್ರದಾಯ, ಕೌಶಲ, ಉಪಯೋಗ ಇವೂ ನೈಜತೆಯ ಅಂಗಗಳೆಂದು ಒಪ್ಪಿದಂತಾಯಿತು. ಜೀರ್ಣೋದ್ಧಾರವೆಂಬ ನಮ್ಮ ಧರ್ಮಕ್ಕೆ ಪ್ರಪಂಚದ ಮನ್ನಣೆ ದೊರೆತುದು ಹೀಗೆ.

ಆದರೆ ಜೀರ್ಣೋದ್ಧಾರದ ಹೆಸರಿನಲ್ಲಿ ನಡೆಯುವುದೆಲ್ಲ ಜೀರ್ಣೋದ್ಧಾರವಲ್ಲ. ಕಣಶಿಲೆಯ ಕಂಬಗಳಿಗೆ ಎಣ್ಣೆಬಣ್ಣ ಬಳಿಯುವುದು, ಗಾರೆಯ ಸಂದುಗಳಿಗೆ ಸಿಮೆಂಟು ಮೆತ್ತುವುದು, ಹಾಸುಗಲ್ಲಿನ ಮೇಲೆ ನುಣುಪು ಟೈಲ್ಸ್ ಹೊದಿಸುವುದು, ಅಡ್ಡ ಬಂದ ಶಾಸನದ ಕಲ್ಲನ್ನು ಮೆಟ್ಟಿಲಿಗೆ ಹಾಕುವುದು ಇವೆಲ್ಲ ಭಕ್ತಿಯಿಂದಲೇ ನಡೆಯುತ್ತವೆ. ಭಕ್ತಿಯ ಬಗೆಗೆ ಸಂದೇಹವಿಲ್ಲ. ಆದರೆ ಸಿಮೆಂಟು ಹೊರಗೆ ಬಿಡದ ತೇವವು ಕಲ್ಲಿನೊಳಗೆ ನಿಂತು ಅದನ್ನು ಪದರಪದರವಾಗಿ ಎಬ್ಬಿಸುತ್ತದೆ. ಟೈಲ್ಸಿನ ಕೆಳಗೆ ಹೋದ ಶಾಸನವು ದಾನಿಯ ಹೆಸರನ್ನು ಶಾಶ್ವತವಾಗಿ ನುಂಗುತ್ತದೆ. ನಮ್ಮ ದಾನಿಗಳ ಹೆಸರನ್ನು ಹೊಸ ಅಮೃತಶಿಲೆಯ ಫಲಕದಲ್ಲಿ ಕೆತ್ತಿಸುವಾಗ, ಎಂಟುನೂರು ವರ್ಷದ ಹಿಂದಿನ ದಾನಿಯ ಹೆಸರನ್ನು ಮುಚ್ಚಿಬಿಡುವುದು ಎಷ್ಟರ ಮಟ್ಟಿನ ನ್ಯಾಯ?

ಈ ನೆಲದ ಅಡಿಯಲ್ಲಿ ಇನ್ನೂ ಏನೇನು ಅಡಗಿದೆಯೋ ಹೇಳಬರುವುದಿಲ್ಲ. ಮೈಸೂರಿನಿಂದ ತಿರುಮಕೂಡಲಿಗೆ ಹೋಗುವ ದಾರಿಯ ವರುಣ ಗ್ರಾಮದಲ್ಲಿ 2024ರಲ್ಲಿ ಚರಂಡಿಗಾಗಿ ಅಗೆಯುತ್ತಿದ್ದಾಗ ಪ್ರಾಚೀನ ಜೈನ ಶಿಲ್ಪಗಳು ಹೊರಬಂದವು. ಸಮಾಜದ ನೆನಪಿನಿಂದ ಜಾರಿದ್ದನ್ನು ಗುದ್ದಲಿಯ ಮೊನೆ ನೆನಪಿಸಿತು.

ಮೂರ್ತಿಗಳ ರಕ್ಷಣೆ

ಅಂತಾರಾಷ್ಟ್ರೀಯ ಸಹಕಾರದ ಇನ್ನೊಂದು ಮುಖವು ನಮ್ಮ ಸಮಾಜಕ್ಕೆ ಇನ್ನೂ ಹತ್ತಿರದ್ದು. ಕೈಯಲ್ಲಿ ಎತ್ತಬಹುದಾದ ಪಂಚಲೋಹದ ಜಿನಬಿಂಬಗಳು ಕಳವಾದರೆ ಕೆಲವೇ ದಿನಗಳಲ್ಲಿ ಸಮುದ್ರ ದಾಟಬಲ್ಲವು. ಇದನ್ನು ತಡೆಯಲೆಂದೇ 1970ರಲ್ಲಿ ಯುನೆಸ್ಕೋದ ಆಶ್ರಯದಲ್ಲಿ ಒಂದು ಒಡಂಬಡಿಕೆಯಾಯಿತು. ಭಾರತವು 1977ರಲ್ಲಿ ಅದನ್ನು ಅಂಗೀಕರಿಸಿತು. 2024ರ ಜುಲೈಯಲ್ಲಿ ವಿಶ್ವ ಪರಂಪರೆ ಸಮಿತಿಯು ದೆಹಲಿಯಲ್ಲಿ ಸೇರಿದ್ದಾಗ ಭಾರತಕ್ಕೂ ಅಮೆರಿಕಾ ಸಂಯುಕ್ತ ಸಂಸ್ಥಾನಕ್ಕೂ ಈ ವಿಷಯದಲ್ಲಿ ಪ್ರತ್ಯೇಕ ಒಪ್ಪಂದವೂ ಆಗಿದೆ. ಆದರೆ ಕಳವಾದ ಬಿಂಬವು ನಮ್ಮದೆಂದು ಸಾಧಿಸಲು ಆಧಾರ ಬೇಕು. ಚಿತ್ರವಿಲ್ಲ, ಅಳತೆಯಿಲ್ಲ, ಪೀಠದ ಮೇಲಿನ ಬರಹದ ಪ್ರತಿಯಿಲ್ಲ ಎಂದಾದರೆ ಯಾವ ರಾಷ್ಟ್ರದ ನ್ಯಾಯಾಲಯವೂ ನೆರವಾಗಲಾರದು. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ 100 ವರ್ಷಕ್ಕೆ ಮೇಲ್ಪಟ್ಟ ಶಿಲ್ಪಗಳೂ 75 ವರ್ಷಕ್ಕೆ ಮೇಲ್ಪಟ್ಟ ಮಹತ್ವದ ಹಸ್ತಪ್ರತಿಗಳೂ ಪುರಾತನ ವಸ್ತುಗಳೇ. ಅವುಗಳ ನೋಂದಣಿಯನ್ನು ಸರ್ಕಾರದ ಹಸ್ತಕ್ಷೇಪವೆಂದು ಅಂಜುವವರು ಉಂಟು. ಕಳೆದುಕೊಂಡವರಿಗೆ ಮಾತ್ರ ಆ ಕಾಗದದ ಬೆಲೆ ತಿಳಿಯುತ್ತದೆ.

ಪ್ರತಿಷ್ಠೆಯ ದಿನದ ಸಂಕಲ್ಪ

ಪಟ್ಟದಕಲ್ಲಿನ ಸ್ಮಾರಕಗಳು 1987ರಲ್ಲಿ ವಿಶ್ವ ಪರಂಪರೆಗೆ ಸೇರಿದಾಗ ಅಲ್ಲಿಯ ರಾಷ್ಟ್ರಕೂಟರ ಕಾಲದ ಜಿನಾಲಯವೂ ಜತೆಯಲ್ಲಿ ಸೇರಿತು. ಅಂತಹ ಭಾಗ್ಯ ಎಲ್ಲ ಬಸದಿಗಳಿಗೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಕಪಿಲೆ ಕಾವೇರಿಯರ ದಡದ ಸಣ್ಣ ಬಸದಿಯೊಂದನ್ನು ನೋಡಲು ರಿಯಾದಿನಿಂದಾಗಲಿ ಪ್ಯಾರಿಸ್ಸಿನಿಂದಾಗಲಿ ಯಾರೂ ಬರಲಾರರು. ಆದರೆ ಅವರು ಸೋಮನಾಥಪುರದಲ್ಲಿ ಕೇಳಿದ ಪ್ರಶ್ನೆಗಳನ್ನು ನಾವೇ ನಮ್ಮ ಬಸದಿಗಳಲ್ಲಿ ಕೇಳಿಕೊಳ್ಳಬಹುದು. ನಮ್ಮ ಗಡಿ ಎಲ್ಲಿದೆ? ನಮ್ಮಲ್ಲಿರುವ ಬಿಂಬ, ಶಾಸನ, ಓಲೆಗರಿಗಳ ಪಟ್ಟಿಯುಂಟೇ? ಮಳೆಗಾಲಕ್ಕೆ ಮುಂಚೆ ಚಾವಣಿಯನ್ನು ಹತ್ತಿ ನೋಡುವವರು ಯಾರು? ಬಿರುಕು ಕಂಡರೆ ಯಾವ ತಜ್ಞರನ್ನು ಕೇಳಬೇಕು? ಪೂಜೆಯ ಹಣ ಬೇರೆ, ದುರಸ್ತಿಯ ಹಣ ಬೇರೆ ಎಂದು ತೆಗೆದಿಟ್ಟಿದ್ದೇವೆಯೇ?

ಪ್ರತಿಷ್ಠಾ ಮಹೋತ್ಸವಕ್ಕೆ ಸಂಗ್ರಹವಾಗುವ ದ್ರವ್ಯದಲ್ಲಿ ಒಂದು ಪಾಲನ್ನು ಮುಟ್ಟದ ಮೂಲಧನವಾಗಿ ಇರಿಸಿ, ಅದರ ಬಡ್ಡಿಯನ್ನು ದುರಸ್ತಿಗೆಂದೇ ಮೀಸಲಿಟ್ಟರೆ ಅದೇ ಈ ಕಾಲದ ಬದನೆಗುಪ್ಪೆ, ಅದೇ ಈ ಕಾಲದ ಗೋವಿಂದವಾಡಿ. ಕಾಲೇಜಿನಲ್ಲಿ ಓದುತ್ತಿರುವ ನಮ್ಮ ತರುಣ ತರುಣಿಯರು ಒಂದು ಬೇಸಗೆಯ ರಜೆಯಲ್ಲಿ ಈ ಎರಡು ತಾಲ್ಲೂಕುಗಳ ಬಸದಿಗಳನ್ನೂ ಬಯಲಲ್ಲಿ ಬಿದ್ದಿರುವ ಜಿನಶಿಲ್ಪಗಳನ್ನೂ ಅಳೆದು, ಚಿತ್ರ ತೆಗೆದು, ಪಟ್ಟಿಮಾಡಬಲ್ಲರು. ಊರಿನ ಅನ್ಯಮತೀಯ ಬಂಧುಗಳನ್ನೂ ಈ ಕಾರ್ಯಕ್ಕೆ ಕರೆಯಬೇಕು. ಹೊಲದ ನಡುವಣ ತೀರ್ಥಂಕರ ಶಿಲ್ಪಕ್ಕೆ ಆ ಹೊಲದ ರೈತನೇ ಮೊದಲ ಕಾವಲುಗಾರ.

ತಲಕಾಡನ್ನು ಗೆದ್ದ ಗಂಗರಾಜನ ಕತ್ತಿ ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ಅವನು ಬೆಳ್ಗೊಳದಲ್ಲಿ ಕಟ್ಟಿಸಿದ ಸುತ್ತಾಲಯ ನಿಂತಿದೆ; ಅವನ ಹೆಸರಿನಲ್ಲಿ ಮಗನು ಕಟ್ಟಿಸಿದ ಬಸದಿ ನಿಂತಿದೆ. ಗೆದ್ದುದು ಉಳಿಯಲಿಲ್ಲ, ಕಾಪಾಡಿದುದು ಉಳಿಯಿತು. ಇಂದು ಪ್ರತಿಷ್ಠೆಗೊಳ್ಳುವ ಜಿನಬಿಂಬದ ಮುಂದೆ ಕೈಮುಗಿಯುವಾಗ, ಇದರ ನೂರನೆಯ ವರ್ಷದ ದೀಪಕ್ಕೂ ಎಣ್ಣೆಯನ್ನು ನಾವೇ ತೆಗೆದಿಡುತ್ತೇವೆಂದು ಸಂಕಲ್ಪ ಮಾಡೋಣ. ಖಂಡಸ್ಫುಟಿತ ಜೀರ್ಣೋದ್ಧಾರವೆಂದು ಬರೆಯಿಸಿದ ಹಿರಿಯರಿಗೆ ನಾವು ಸಲ್ಲಿಸಬಹುದಾದ ಗೌರವ ಅದು.

ಭದ್ರಂ ಭೂಯಾತ್.